ಕಣ್ಣೀರಿಗೆ ಉಪ್ಪು ಸೇರಿದ ಕತೆ

ಬಿದ್ದೆಯಾ? ಬೀಳಲೇಬೇಕು. ಒಡ್ಡಿನ ಮೇಲೆ ಓಡಬೇಡ ವೇಣಿ, ಓಡಬೇಡ ವೇಣಿ ಅಂತ ಬೆಳಗ್ಗೆಯಿಂದ ಬಡಕೊಳ್ಳುತ್ತಿದ್ದೇನೆ. ಈ ಅಜ್ಜಿಯ ಮಾತು ಯಾರಿಗೆ ಬೇಕು? ಬಾ ಇಲ್ಲಿ, ಮೊಣಕಾಲು ತೋರಿಸು. ಹೂಂ, ಚರ್ಮ ತರಚಿದೆ, ಅಷ್ಟೇ. ಉಪ್ಪಿನ ಆಗರದಲ್ಲಿ ಬಿದ್ದರೆ ಉರಿಯದೆ ತಂಪಾಗುತ್ತದೆಯೇ? ಅಳು, ಅಳು. ಸ್ವಲ್ಪ ಅತ್ತರೆ ಏನೂ ಆಗುವುದಿಲ್ಲ.

ಏನಂದೆ? ಕಣ್ಣೀರು ಬಾಯಿಗೆ ಬಂತು, ಉಪ್ಪುಪ್ಪಾಗಿದೆ ಅಂತೀಯಾ? ಅಳುತ್ತ ಅಳುತ್ತಲೇ ರುಚಿ ನೋಡುತ್ತಿದ್ದೀಯಲ್ಲ ಮಾರಾಯ್ತಿ. ನಿನ್ನ ಅಪ್ಪನೂ ಚಿಕ್ಕವನಿದ್ದಾಗ ಹೀಗೇ ಇದ್ದ.

ಈ ಬುಟ್ಟಿ ಬೋರಲು ಹಾಕಿದ್ದೇನೆ, ಇದರ ಮೇಲೆ ಕೂತುಕೋ. ಕಣ್ಣೀರು ಯಾಕೆ ಉಪ್ಪು ಅಂತ ಹೇಳುತ್ತೇನೆ. ನನ್ನ ಅಜ್ಜಿ ನನಗೆ ಇದೇ ಒಡ್ಡಿನ ಮೇಲೆ ಹೇಳಿದ್ದು ಇದು. ನಡುವೆ ಬಾಯಿ ಹಾಕಿದೆಯೋ, ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಗುಡ್ಡಗಳು ಎಲ್ಲಿ ಕೂರಬೇಕು ಅಂತ ಜಾಗ ಹುಡುಕುತ್ತಿದ್ದವು. ಹೊಳೆಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಇವತ್ತು ಈ ಕಡೆ ಹರಿದರೆ ನಾಳೆ ಆ ಕಡೆ. ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು. ಏಡಿ ಗಾಳಿಯ ಜೊತೆ, ಗಾಳಿ ಹೊಳೆಯ ಜೊತೆ, ಹೊಳೆ ಮನುಷ್ಯರ ಜೊತೆ.

ರುಚಿ ಹಂಚುವ ದಿನ ಮಾವಿಗೆ ಸಿಹಿ ಸಿಕ್ಕಿತು, ಹುಣಸೆಗೆ ಹುಳಿ ಸಿಕ್ಕಿತು, ಮೆಣಸಿಗೆ ಖಾರ, ಹಾಗಲಕ್ಕೆ ಕಹಿ. ಉಪ್ಪು ಮಾತ್ರ ಇಡಿಯಾಗಿ ಕಡಲಜ್ಜನ ಪಾಲಿಗೆ ಬಂತು. ಅವನು ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಕೂತ. ನಿನ್ನ ಅಜ್ಜ ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟು ಏಣಿ ತೆಗೆದುಬಿಡುತ್ತಿದ್ದರಲ್ಲ, ಹಾಗೆ. ಅವನದು ಕೊಡುವ ಕೈಯೇ ಅಲ್ಲ.

ಹಾಗಾಗಿ ನೆಲದ ಮೇಲೆ ಒಂದು ಹರಳು ಉಪ್ಪಿರಲಿಲ್ಲ. ಅನ್ನ ಸಪ್ಪೆ, ಸಾರು ಸಪ್ಪೆ, ಸುಟ್ಟ ಮೀನೂ ಸಪ್ಪೆ. ಬೆವರು ಸಪ್ಪೆ, ಕಣ್ಣೀರು ಸಪ್ಪೆ. ದನಗಳು ಏನೋ ಬೇಕು ಅಂತ ಬಂಡೆ ನೆಕ್ಕುತ್ತಿದ್ದವು. ಏನು ಬೇಕು ಅಂತ ಅವಕ್ಕೂ ಗೊತ್ತಿರಲಿಲ್ಲ. ಜನ ಒಂದಿಷ್ಟು ದುಡಿದರೆ ಸಾಕು, ಕಾಲು ಸೆಳೆತ ಬಂದು ಮೀನಖಂಡ ಹಿಡಿದುಕೊಂಡು ಕೂತುಬಿಡುತ್ತಿದ್ದರು. ಬದುಕು ನಡೆಯುತ್ತಿರಲಿಲ್ಲ ಅಂತಲ್ಲ. ಕುಂಟುತ್ತ ನಡೆಯುತ್ತಿತ್ತು.

ಹೊಳೆ ಕಡಲಿಗೆ ಸೇರುವ ಈ ಅಳಿವೆ ಇದೆಯಲ್ಲ, ಇಂಥದ್ದೇ ಒಂದು ಅಳಿವೆಯ ದಡದಲ್ಲಿ ಹೊನ್ನಿ ಅಂತ ಒಬ್ಬಳು ಇದ್ದಳು. ಗಂಡ ಗೆಡ್ಡೆಗೆಣಸು ಅಗೆಯಲು ದೂರದ ಕಾಡಿಗೆ ಹೋಗಿದ್ದ. ಮನೆಯಲ್ಲಿ ಅವಳು ಮತ್ತು ಅವಳ ಕೂಸು. ಆಗಷ್ಟೇ ಗಂಜಿ ಉಣ್ಣಲು ಕಲಿತ ಕೂಸು, ನಿನ್ನ ತಮ್ಮನಷ್ಟೇ ದೊಡ್ಡದು.

ಒಂದು ದಿನ ಕೂಸಿಗೆ ಭೇದಿ ಶುರುವಾಯಿತು. ಹೋದ ವಾರ ನಿನ್ನ ತಮ್ಮನಿಗೆ ಆಗಿತ್ತಲ್ಲ, ಅದೇ. ಹೊನ್ನಿ ನೀರು ಕುಡಿಸಿದಳು. ಕುಡಿಸಿದಷ್ಟೂ ಹೊರಗೆ ಹೋಯಿತು. ಮತ್ತೆ ಕುಡಿಸಿದಳು, ಮತ್ತೆ ಹೋಯಿತು. ಕೂಸಿನ ಕಣ್ಣು ಗುಳಿ ಬಿದ್ದವು. ನೆತ್ತಿ ಇಳಿಯಿತು. ತುಟಿ ಒಣಗಿ ಸಿಪ್ಪೆ ಎದ್ದಿತು. ಬಾಯಿ ತೆರೆದು ಅಳುತ್ತಿತ್ತು, ಕಣ್ಣಲ್ಲಿ ಮಾತ್ರ ಒಂದು ಹನಿ ನೀರಿಲ್ಲ.

ಒಣ ಅಳುವನ್ನು ಯಾವ ತಾಯಿಯೂ ಕೇಳಬಾರದು ಮಗಾ. ಹೋದ ವಾರ ನಾನು ಕೇಳಿದೆ.

ಹೊನ್ನಿ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಹೊಳೆಯ ಹತ್ತಿರ ಓಡಿದಳು. ಹೊಳೆಗೆ ಮಾತು ಜಾಸ್ತಿ. ಆ ಊರಿನ ಸುದ್ದಿ ಈ ಊರಿಗೆ ಹೇಳುತ್ತ ಬರುತ್ತಿದ್ದವಳು ಕೂಸನ್ನು ನೋಡಿ ಸುಮ್ಮನಾದಳು. ಎಷ್ಟು ನೀರು ಕುಡಿಸಿದರೂ ಮೈಯಲ್ಲಿ ನಿಲ್ಲುತ್ತಿಲ್ಲ, ಏನು ಮಾಡಲಿ ಅಂತ ಹೊನ್ನಿ ಕೇಳಿದಳು.

"ನೀರು ಕೊಡಲು ನನಗೆ ಬರುತ್ತದೆ, ನಿಲ್ಲಿಸಲು ಬರುವುದಿಲ್ಲ" ಅಂದಳು ಹೊಳೆ. "ನಾನೇ ನಿಲ್ಲುವವಳಲ್ಲ. ಲೋಕದ ನೀರೆಲ್ಲ ಎಲ್ಲಿ ಹೋಗಿ ನಿಲ್ಲುತ್ತದೋ, ಅವನನ್ನು ಕೇಳು."

ಹೊನ್ನಿ ಕಡಲಜ್ಜನ ಹತ್ತಿರ ಹೋದಳು. ಇಷ್ಟೊಂದು ನೀರು ನಿನ್ನಲ್ಲಿ ಹೇಗೆ ನಿಂತಿದೆ ಅಂತ ಕೇಳಿದಳು. ಹೊಗಳಿದರೆ ಯಾರಿಗೆ ಖುಷಿಯಾಗುವುದಿಲ್ಲ? ಕಡಲಜ್ಜ ಮೀಸೆ ತಿರುವಿ, ನನ್ನ ಬಳಿ ಉಪ್ಪಿದೆ, ಉಪ್ಪಿದ್ದಲ್ಲಿ ನೀರು ನಿಲ್ಲುತ್ತದೆ ಅಂದ. ಹಾಗಾದರೆ ನನ್ನ ಕೂಸಿಗೆ ಒಂದು ಚೂರು ಕೊಡು ಅಂತ ಹೊನ್ನಿ ಸೆರಗೊಡ್ಡಿದಳು. ಅಜ್ಜನ ಮೀಸೆ ಇಳಿಯಿತು.

ಕೊಡುವುದಿಲ್ಲ ಅಂದ. ಎಷ್ಟೋ ಹೊಳೆ ಬರುತ್ತವೆ, ಎಲ್ಲವೂ ಸಪ್ಪೆ ನೀರು ಚೆಲ್ಲಿ ಹೋಗುತ್ತವೆ, ಉಪ್ಪು ತಂದುಕೊಟ್ಟವರು ಇವತ್ತಿನವರೆಗೆ ಒಬ್ಬರಿಲ್ಲ ಅಂದ. ಇವತ್ತು ನಿನಗೆ ಕೊಟ್ಟರೆ ನಾಳೆ ಊರೆಲ್ಲ ಬರುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ, ಕೊನೆಗೆ ನಾನೇ ಸಪ್ಪೆಯಾಗಿ ಕೊಳೆತುಹೋಗುತ್ತೇನೆ ಅಂದ. ಅವನು ಜಿಪುಣ ಹೌದು. ಆದರೆ ಜಿಪುಣನ ಹೊಟ್ಟೆಯೊಳಗೆ ಇರುವುದು ಬರೀ ಹೆದರಿಕೆ. ನಿನ್ನ ಅಜ್ಜನೂ ಅಷ್ಟೇ, ಹಸಿವು ಕಂಡ ಮನೆಯಲ್ಲಿ ಬೆಳೆದವರು. ಬೆಲ್ಲ ಸುಮ್ಮನೆ ಅಡಗಿಸಿಡುತ್ತಿರಲಿಲ್ಲ.

ಹೊನ್ನಿಗೆ ಇದನ್ನೆಲ್ಲ ಯೋಚಿಸಲು ಪುರುಸೊತ್ತಿಲ್ಲ. ನಮ್ಮ ಹಾಗೇ ಅವಸರದವಳು. ಬೊಗಸೆ ತುಂಬ ಕಡಲ ನೀರು ಎತ್ತಿ ಕೂಸಿನ ಬಾಯಿಗೆ ಬಿಟ್ಟೇಬಿಟ್ಟಳು. ಕೂಸು ಮುಖ ಕಿವುಚಿ ಎಲ್ಲವನ್ನೂ ಕಕ್ಕಿತು. ಮೊದಲೇ ಇಲ್ಲದ ನೀರು ಇನ್ನಷ್ಟು ಹೋಯಿತು. ಈಗ ಅಳಲೂ ಶಕ್ತಿ ಇಲ್ಲದೆ ಕತ್ತು ವಾಲಿಸಿತು.

ನಾನೇ ನನ್ನ ಕೈಯಾರೆ ಕೊಂದೆನಲ್ಲ ಅಂತ ಹೊನ್ನಿ ಕೆಸರಿನಲ್ಲಿ ಕುಸಿದಳು.

ಅಲ್ಲೇ ಬಿಲದ ಬಾಯಲ್ಲಿ ಒಂದು ಏಡಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿತ್ತು. ಏಡಿಗೆ ನಯವಾಗಿ ಮಾತಾಡಿ ಗೊತ್ತಿಲ್ಲ, ಅದರ ಮಾತೂ ಅಡ್ಡಡ್ಡವೇ. ಕಡಲನ್ನೇ ಕುಡಿಸಲು ಹೊರಟೆಯಲ್ಲ, ಅದು ಕೂಸೋ ದೋಣಿಯೋ ಅಂತ ಬೈಯಿತು. ಆಮೇಲೆ ತಿರುಗಿ ಕೂತು, ನನ್ನ ಬೆನ್ನು ನೋಡು ಅಂತು.

ಏಡಿಯ ಬೆನ್ನಿನ ಮೇಲೆ ಕಡಲ ನೀರು ಆರಿ ಬಿಳಿ ಹುಡಿ ಕೂತಿತ್ತು. ಹೊನ್ನಿ ಬೆರಳಿನಿಂದ ಒರೆಸಿ ನಾಲಿಗೆಗೆ ಇಟ್ಟಳು. ಮನುಷ್ಯರ ನಾಲಿಗೆಗೆ ಬರೀ ಉಪ್ಪು ತಾಗಿದ್ದು ಅದೇ ಮೊದಲು. ಮೈಯೆಲ್ಲ ಎಚ್ಚರವಾದ ಹಾಗೆ ಅನ್ನಿಸಿತು ಅವಳಿಗೆ. ಆದರೆ ಅದು ಒಂದು ನೊಣಕ್ಕೂ ಸಾಲದಷ್ಟು.

ನೀರನ್ನು ಕಟ್ಟಿ ಹಾಕು, ಬಿಸಿಲಿಗೆ ಬಿಡು, ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ ಅಂತು ಏಡಿ. ಇಕ್ಕಳದಂಥ ಕೊಂಬಿನಿಂದ ಕೆಸರು ಕೆರೆದು ಒಡ್ಡು ಕಟ್ಟುವುದು ಹೇಗೆ ಅಂತ ತೋರಿಸಿಯೂ ಕೊಟ್ಟಿತು. ಹೊನ್ನಿ ಕೂಸನ್ನು ಅಳಿವೆಯ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬುಡದಲ್ಲಿ ಮಲಗಿಸಿದಳು. ಅಲ್ಲಿದ್ದ ಒಂದು ಬೆಳ್ಳಕ್ಕಿ ಹೇಳಿಸಿಕೊಳ್ಳದೆ ಬಂದು ಕೂಸಿನ ಮುಖಕ್ಕೆ ರೆಕ್ಕೆ ಅಡ್ಡ ಹಿಡಿದು ನಿಂತಿತು. ಹೊನ್ನಿ ಬಾಗಿಲಷ್ಟು ಅಗಲದ ಜಾಗಕ್ಕೆ ಕೆಸರಿನ ಒಡ್ಡು ಹಾಕಿ, ಕಡಲ ನೀರು ತುಂಬಿದಳು.

ಕಡಲಜ್ಜ ನೋಡಿ ನಕ್ಕ. ನೀರು ತಾನೇ, ಬೇಕಾದಷ್ಟು ಒಯ್ಯಿ ಅಂದ.

ನೀರು ನಿಲ್ಲಲಿಲ್ಲ. ಹೊನ್ನಿ ನೋಡನೋಡುತ್ತಲೇ ನೆಲ ಎಲ್ಲವನ್ನೂ ಕುಡಿದುಬಿಟ್ಟಿತು. ಮತ್ತೆ ತುಂಬಿದಳು, ಮತ್ತೆ ಕುಡಿಯಿತು. ಅಲ್ಲಿ ಕೂಸಿನ ಹೊಟ್ಟೆಯಲ್ಲೂ ನೀರು ನಿಲ್ಲುವುದಿಲ್ಲ, ಇಲ್ಲಿ ನೆಲದಲ್ಲೂ ನಿಲ್ಲುವುದಿಲ್ಲ.

"ನೆಲ ತುಳಿದೆಯಾ?" ಅಂತ ಕೇಳಿತು ಏಡಿ.

ಇಲ್ಲ. ತುಳಿದಿರಲಿಲ್ಲ. ಈಗಲೂ ಹೊಸದಾಗಿ ಆಗರಕ್ಕೆ ಬಂದವರು ಮಾಡುವ ತಪ್ಪು ಅದೇ. ನಿನ್ನ ಅಮ್ಮ ಮದುವೆಯಾಗಿ ಬಂದ ವರ್ಷ ಹಾಗೇ ಮಾಡಿದ್ದಳು, ಕೇಳಿದರೆ ಈಗ ಒಪ್ಪುವುದಿಲ್ಲ. ಮಳೆ ನಿಂತ ಮೇಲೆ ನಾವೆಲ್ಲ ಸಾಲಾಗಿ ನಿಂತು ಹಿಮ್ಮಡಿ ಒತ್ತಿ ಒತ್ತಿ ಉಪ್ಪಿನ ಗದ್ದೆಯ ಜೇಡಿಮಣ್ಣು ತುಳಿಯುವುದನ್ನು ನೀನು ನೋಡಿದ್ದೀಯಲ್ಲ. ಕುಣಿಯುತ್ತಿದ್ದಾರೆ ಅಂತ ನಗುತ್ತೀಯ. ನೆಲ ಹಂಚಿನ ಹಾಗೆ ಗಟ್ಟಿಯಾಗದೆ ನೀರು ನಿಲ್ಲುವುದಿಲ್ಲ, ಉಪ್ಪೂ ಬೆಳ್ಳಗೆ ಬರುವುದಿಲ್ಲ.

ಹೊನ್ನಿ ತುಳಿದಳು. ಸೀರೆ ಮೇಲೆ ಕಟ್ಟಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತುಳಿದಳು. ಕಾಲು ಸೆಳೆತ ಬಂತು, ತುಳಿದಳು. ಚಿಪ್ಪು ಚುಚ್ಚಿ ರಕ್ತ ಬಂತು, ತುಳಿದಳು. ನಡುನಡುವೆ ಗಿಡದ ಬುಡದ ಕಡೆ ಕಣ್ಣು ಹಾಯಿಸಿ, ಕೂಸಿನ ಎದೆ ಏರಿಳಿಯುತ್ತಿದೆಯೇ ಅಂತ ನೋಡುತ್ತಿದ್ದಳು. ಏರಿಳಿಯುತ್ತಿತ್ತು. ಮತ್ತೆ ತುಳಿಯುತ್ತಿದ್ದಳು.

ಕೊನೆಗೆ ನೆಲ ಗಟ್ಟಿಯಾಯಿತು. ನೀರು ತುಂಬಿದಳು, ನೀರು ನಿಂತಿತು.

ಆಮೇಲೆ ಸೂರ್ಯನನ್ನೂ ಗಾಳಿಯನ್ನೂ ಕೈಮುಗಿದು ಕೇಳಿದಳು. ನಾನು ಮೇಲಿನಿಂದ ನೋಡುತ್ತಲೇ ಇದ್ದೆ, ಕೇಳಬೇಕಾಗಿರಲಿಲ್ಲ ಅಂದ ಸೂರ್ಯ, ತನ್ನ ಬಿಸಿಲನ್ನೆಲ್ಲ ಅಲ್ಲಿ ಇಲ್ಲಿ ಚೆಲ್ಲದೆ ಆ ಬಾಗಿಲಷ್ಟು ಜಾಗದ ಮೇಲೆ ಸುರಿದ. ಗಾಳಿ ಬಗ್ಗಿ ಬಗ್ಗಿ ಊದಿತು. ನೀರು ಆವಿಯಾಗಿ ಏರಿತು. ಮೊದಲು ಅಂಚಿನಲ್ಲಿ ಒಂದು ಬಿಳಿ ಗೆರೆ ಕಂಡಿತು. ಆಮೇಲೆ ಅನ್ನದ ಗಂಜಿಗೆ ಕೆನೆ ಕಟ್ಟುವ ಹಾಗೆ ಕೆನೆ ಕಟ್ಟಿತು. ಆಮೇಲೆ ಹರಳು. ಹೊತ್ತು ಇಳಿಯುವ ಮೊದಲು ಹೊನ್ನಿಯ ಕೈಯಲ್ಲಿ ಒಂದು ಹಿಡಿ ಉಪ್ಪು ಇತ್ತು.

ಅಷ್ಟು ಹೊತ್ತಿಗೆ ಕಡಲಜ್ಜನ ನಗು ನಿಂತಿತ್ತು. ಅವನು ಎದ್ದು ಬಂದ. ಹಿಂದೆ ಎಂದೂ ದಡ ಏರದವನು, ಅಳಿವೆಯಲ್ಲಿ ಹೊಳೆಯನ್ನು ಹಿಂದಕ್ಕೆ ನೂಕಿಕೊಂಡು ಬಂದು ಒಡ್ಡಿನ ಅಂಚಿಗೆ ಎದೆಯೊಡ್ಡಿ ನಿಂತ. ಇನ್ನೊಂದು ಗೇಣು ಏರಿದ್ದರೆ ಒಡ್ಡೂ ಇಲ್ಲ, ಉಪ್ಪೂ ಇಲ್ಲ, ಗಿಡದ ಬುಡದ ಕೂಸೂ ಇಲ್ಲ.

"ಅದು ನನ್ನದು" ಅಂದ ಕಡಲಜ್ಜ. "ಒಯ್ದರೆ ತಿರುಗಿಸಿ ಏನು ಕೊಡುತ್ತೀಯ?"

ಹೊನ್ನಿ ಸುಳ್ಳು ಹೇಳಬಹುದಿತ್ತು. ಮುತ್ತು ಕೊಡುತ್ತೇನೆ, ಹವಳ ಕೊಡುತ್ತೇನೆ ಅನ್ನಬಹುದಿತ್ತು. ಅವಳು ಹಾಗೆ ಅನ್ನಲಿಲ್ಲ.

"ಕೊಡಲು ನನ್ನ ಹತ್ತಿರ ಏನೂ ಇಲ್ಲ ಅಜ್ಜ" ಅಂದಳು. "ಮೊದಲು ಕೂಸಿಗೆ ಕುಡಿಸುತ್ತೇನೆ. ಆಮೇಲೆ ನನ್ನನ್ನೇ ತೆಗೆದುಕೊಂಡು ಹೋಗು."

ಕಡಲಜ್ಜ ಏರಲೂ ಇಲ್ಲ, ಇಳಿಯಲೂ ಇಲ್ಲ. ಅಲ್ಲೇ ನಿಂತ.

ಹೊನ್ನಿ ಮೂರು ಕಲ್ಲು ಇಟ್ಟು ಬೆಂಕಿ ಮಾಡಿ ಅಕ್ಕಿ ಬೇಯಿಸಿದಳು. ಮೇಲಿನ ತಿಳಿ ಬಸಿದು ಆರಿಸಿದಳು. ಉಪ್ಪು ಹಾಕಲು ಹಿಡಿ ತೆರೆದವಳಿಗೆ ಬೆಳಗ್ಗೆ ಬೊಗಸೆ ತುಂಬ ಕುಡಿಸಿದ್ದು ನೆನಪಾಯಿತು. ಕೈ ಹಿಂದೆ ತೆಗೆದಳು. ಬೆರಳ ತುದಿಯಲ್ಲಿ ಒಂದೇ ಚಿಟಿಕೆ ತೆಗೆದು ಹಾಕಿ ಕಲಕಿದಳು. ಬಾಳೆ ಎಲೆಯ ಚೂರನ್ನು ಮಡಚಿ, ಅದರಿಂದ ತೊಟ್ಟು ತೊಟ್ಟಾಗಿ ಕೂಸಿನ ತುಟಿಗೆ ಬಿಟ್ಟಳು.

ಒಂದು ತೊಟ್ಟು ಒಳಗೆ ಹೋಯಿತು. ಕಾದಳು. ಹೊರಗೆ ಬರಲಿಲ್ಲ.

ಇನ್ನೊಂದು ತೊಟ್ಟು. ಕಾದಳು. ಹೊರಗೆ ಬರಲಿಲ್ಲ.

ಹೀಗೇ ಹೊತ್ತು ಹೋಯಿತು. ಬೆಳ್ಳಕ್ಕಿ ರೆಕ್ಕೆ ಇಳಿಸಲಿಲ್ಲ, ಗಾಳಿ ಉಸಿರು ಬಿಡಲಿಲ್ಲ. ಹೊಳೆಯೂ ಅವತ್ತು ಮಾತಾಡಲಿಲ್ಲ ಅಂದರೆ ನೀನೇ ತಿಳಿದುಕೋ. ಎಲೆ ಬರಿದಾಗುವಷ್ಟರಲ್ಲಿ ಕೂಸಿನ ಬೆರಳು ಅಲ್ಲಾಡಿತು. ಕಣ್ಣು ತೆರೆಯಿತು. ಮೇಲೆ ಬಗ್ಗಿದ್ದ ಬೆಳ್ಳಕ್ಕಿಯ ಉದ್ದ ಕೊಕ್ಕು ನೋಡಿ ಹೆದರಿ, ತುಟಿ ಉಬ್ಬಿಸಿ, ಜೋರಾಗಿ ಅಳಲು ಶುರುಮಾಡಿತು.

ಅತ್ತಾಗ ಕಣ್ಣಿನಿಂದ ಒಂದು ಹನಿ ಇಳಿಯಿತು.

ಹೊನ್ನಿ ಆ ಹನಿ ನೋಡಿ ಹುಚ್ಚಿಯ ಹಾಗೆ ನಕ್ಕಳು. ಕೂಸಿನ ಕೆನ್ನೆಗೆ ಮುತ್ತು ಕೊಟ್ಟಳು. ಕೊಟ್ಟವಳು ಹಾಗೇ ನಿಂತುಬಿಟ್ಟಳು. ಅವಳ ತುಟಿಗೆ ಉಪ್ಪು ತಾಗಿತ್ತು. ಕಣ್ಣೀರು ಸಪ್ಪೆ ಇರುತ್ತಿದ್ದ ಕಾಲ ಅದು, ನೆನಪಿದೆಯಲ್ಲ? ಈ ಹನಿ ಸಪ್ಪೆ ಇರಲಿಲ್ಲ.

ಅವಳು ಇನ್ನೊಂದು ಹನಿಯನ್ನು ಬೆರಳಿನ ಮೇಲೆ ಹಿಡಿದು, ಕೂಸನ್ನು ಎತ್ತಿಕೊಂಡು ಒಡ್ಡಿನ ಅಂಚಿಗೆ ನಡೆದಳು. ಮಂಡಿಯೂರಿ ಆ ಬೆರಳನ್ನು ಕಡಲಜ್ಜನ ನೀರಿನಲ್ಲಿ ಅದ್ದಿದಳು.

"ತಗೋ ಅಜ್ಜ" ಅಂದಳು. "ನಿನ್ನ ಉಪ್ಪು ತಿರುಗಿ ಬಂದಿದೆ."

ಅಷ್ಟು ದೊಡ್ಡ ಕಡಲು, ಅಷ್ಟು ಚಿಕ್ಕ ಹನಿ. ಆದರೂ ಕಡಲಜ್ಜನಿಗೆ ಗೊತ್ತಾಯಿತು. ಎಲ್ಲ ಹೊಳೆಗಳು ಹುಟ್ಟಿದಂದಿನಿಂದ ತಂದು ಸುರಿದದ್ದರಲ್ಲಿ ಅವನಿಗೆ ಉಪ್ಪು ತಂದುಕೊಟ್ಟಿದ್ದು ಅದೊಂದೇ ಹನಿ. ಅವನ ದನಿ ಸಣ್ಣದಾಗಿತ್ತು. ಕೊಟ್ಟರೆ ತಿರುಗಿ ಬರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ ಅಂದ.

"ಇನ್ನು ಮೇಲೆ ಬೇಕಾದವರೆಲ್ಲ ಒಯ್ಯಲಿ" ಅಂದ. "ದುಡಿಯುವಾಗ ಒಂದು ಹನಿ, ಅಳುವಾಗ ಒಂದು ಹನಿ ನನಗೆ ಕಳುಹಿಸಲಿ. ಅಷ್ಟು ಸಾಕು."

ಆದರೂ ಹಳೆಯ ಬುದ್ಧಿ ಪೂರ್ತಿ ಬಿಡುತ್ತದೆಯೇ? ಹೋಗುತ್ತ ಹೋಗುತ್ತ ತಿರುಗಿ ನೋಡಿ, ಚಿಟಿಕೆಯಲ್ಲೇ ಒಯ್ಯಿರಿ, ದುರಾಸೆಯಿಂದ ಹೆಚ್ಚು ತಿಂದವರ ಗಂಟಲಲ್ಲಿ ಕೂತು ನೀರು ಬೇಡುತ್ತೇನೆ ಅಂದ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ನಿನ್ನ ದೊಡ್ಡಪ್ಪನನ್ನು ನೋಡು, ಊಟಕ್ಕೆ ಕೂತರೆ ಉಪ್ಪಿನಕಾಯಿ ಭರಣಿಯನ್ನೇ ಪಕ್ಕಕ್ಕೆ ಎಳೆದುಕೊಳ್ಳುತ್ತಾನೆ. ಬಿಪಿ ಜಾಸ್ತಿಯಾಗಿದೆ, ಉಪ್ಪು ಕಡಿಮೆ ಮಾಡು ಅಂತ ಡಾಕ್ಟರು ಬೈದು ಕಳಿಸಿದ ಮೇಲೂ ಬುದ್ಧಿ ಬಂದಿಲ್ಲ. ಅವನಿಗೆ ಈ ಕತೆ ನೀನೇ ಹೇಳು. ನಾನು ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಹೊನ್ನಿ ಉಳಿದ ಉಪ್ಪನ್ನು ಅಡಗಿಸಿಡಲಿಲ್ಲ. ಕಾಲು ಸೆಳೆತದವರಿಗೆ ಕೊಟ್ಟಳು, ಬಂಡೆ ನೆಕ್ಕುವ ದನಗಳಿಗೆ ಅಂಗೈಯಲ್ಲಿಟ್ಟು ನೆಕ್ಕಿಸಿದಳು. ಊರವರಿಗೆ ಒಡ್ಡು ಕಟ್ಟಲು, ನೆಲ ತುಳಿಯಲು ಕಲಿಸಿದಳು. ಕಾಡಿನಿಂದ ಬಂದ ಗಂಡ ಗೆಣಸಿಗೆ ಉಪ್ಪು ಹಚ್ಚಿ ತಿಂದು, ಇದೇನು, ಗೆಣಸು ಇವತ್ತು ಮಾತಾಡುತ್ತಿದೆಯಲ್ಲ ಅಂದನಂತೆ.

ಆ ನೆನಪಿಗೇ ನೋಡು, ಎಲೆ ಹಾಕಿದಾಗ ಎಲ್ಲಕ್ಕಿಂತ ಮೊದಲು ತುದಿಯಲ್ಲಿ ಒಂದು ಚಿಟಿಕೆ ಉಪ್ಪು ಬಡಿಸುವುದು. ಪಾಯಸ ಆಮೇಲೆ, ಮೊದಲು ಉಪ್ಪು. ವರ್ಷದ ಮೊದಲ ಉಪ್ಪು ಎಳೆದು ರಾಶಿ ಮಾಡಿದ ದಿನ ನಾನು ಒಂದು ಚಿಟಿಕೆ ತೆಗೆದು ಅಳಿವೆಗೆ ಹಾಕಿ ಕೈಮುಗಿಯುತ್ತೇನಲ್ಲ, ಅಜ್ಜಿ ಉಪ್ಪು ಹಾಳು ಮಾಡುತ್ತಾಳೆ ಅಂತ ನೀನು ಅಮ್ಮನಿಗೆ ಚಾಡಿ ಹೇಳಿದೆ. ಹಾಳಲ್ಲ ಮಗಾ. ಅವನದೇ ಅವನಿಗೆ.

ಹೋದ ವಾರ ನಿನ್ನ ತಮ್ಮನಿಗೆ ಗಂಜಿ ತಿಳಿ ಮಾಡುವಾಗ ನಾನು ಬೆರಳು ಅದ್ದಿ ನಾಲಿಗೆಗೆ ಇಟ್ಟು ನೋಡಿದ್ದು ಅದಕ್ಕೇ. ಕಣ್ಣೀರಿಗಿಂತ ಉಪ್ಪಾಗಬಾರದು, ಅದು ನಮ್ಮ ಅಳತೆ. ಆಮೇಲೆ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಅಲ್ಲಿಯ ನರ್ಸಮ್ಮ ನೀರಿಗೆ ಕಲಸಿ ಕುಡಿಸಿದ ಪುಡಿಯಲ್ಲೂ ಉಪ್ಪು ಇತ್ತು, ಸಕ್ಕರೆ ಇತ್ತು. ಅವಳು ಚಮಚ ಚಮಚವಾಗಿ ಕುಡಿಸುತ್ತ ಕೂತಳು, ಪುಣ್ಯಾತ್ಗಿತ್ತಿ, ಅವಳ ಕೈ ತಂಪಾಗಿರಲಿ. ಸಂಜೆಯ ಹೊತ್ತಿಗೆ ನಿನ್ನ ತಮ್ಮ ಕಿರುಚಿ ಅತ್ತ. ಕಣ್ಣಿನಿಂದ ನೀರು ಬಂತು. ನಿನ್ನ ಅಮ್ಮ ಅವನ ಕೆನ್ನೆಗೆ ಮುತ್ತು ಕೊಟ್ಟು, ಅತ್ತೆ, ಉಪ್ಪಾಗಿದೆ ಅಂತ ನನ್ನ ಕೈ ಹಿಡಿದುಕೊಂಡಳು. ನಾವಿಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತೆವು. ಅಷ್ಟು ಸಂತೋಷ ನನಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ.

ಕೇಳು, ಈಗಲೂ ಮನೆಯ ಕಡೆಯಿಂದ ಅವನ ಅಳು ಕೇಳಿಸುತ್ತಿದೆ. ಅಳಲಿ ಬಿಡು. ಚೆನ್ನಾಗಿ ಒದ್ದೆಯಾಗಿ ಅಳುತ್ತಿದ್ದಾನೆ.

ಅಗೋ, ನೀರು ಏರಿ ಬರುತ್ತಿದೆ, ಎದ್ದೇಳು. ಒಡ್ಡಿನ ಅಂಚಿನವರೆಗೆ ಬಂದು, ಒಂದು ಗಳಿಗೆ ನಿಂತು, ತಿರುಗಿ ಹೋಗುತ್ತದೆ ನೋಡು. ಕೂಸು ಹೇಗಿದೆ ಅಂತ ವಿಚಾರಿಸಲು ಕಡಲಜ್ಜ ಅವತ್ತಿನಿಂದ ದಿನಾ ಬರುತ್ತಾನೆ. ಮುಖ ಒರೆಸಿಕೊಳ್ಳಬೇಡ, ಬಗ್ಗು, ಕೆನ್ನೆಯ ಮೇಲಿನ ಆ ಹನಿ ನೀರಿಗೆ ಬೀಳಲಿ. ಹೊನ್ನಿಯ ಕೂಸು ಅವತ್ತು ತಿರುಗಿಸಿ ಕೊಟ್ಟ ಉಪ್ಪನ್ನು ನಾವೆಲ್ಲ ಇವತ್ತಿಗೂ ತಿರುಗಿಸಿ ಕೊಡುತ್ತಲೇ ಇದ್ದೇವೆ, ಅದಕ್ಕೇ ಬಿದ್ದು ಅತ್ತ ನಿನ್ನ ಬಾಯಿಗೆ ಕಣ್ಣೀರು ಉಪ್ಪುಪ್ಪಾಗಿ ಬಂದದ್ದು.